ದವಡೆಯಲ್ಲಿ ಅಕ್ಕಿಕಾಳು

ಜಾತಕದ ಬದಲು ದವಡೆಯ ಎಕ್ಸ್‌ರೇ ನೋಡಿ ಸಂಬಂಧ ಕೂಡಿಸುವ ಕಾಲವದು. ಎಲುಬಿನಲ್ಲಿ ಬಿಳಿ ಚುಕ್ಕೆ ಕಂಡರೆ ಸುಳ್ಳುಗಾರರೆಂದು ಜನ ದೂರವಿಡುತ್ತಿದ್ದರು. ಹಲ್ಲುನೋವಿಗೆ ದವಾಖಾನೆಗೆ ಬಂದ ಈರಬಸಪ್ಪನ ಎಕ್ಸ್‌ರೇ ತೆಗೆದವಳು ಶಾಂತವೀರಮ್ಮ. ಹತ್ತು ವರ್ಷದ ಹಿಂದೆ ಅಂಥದೇ ಚುಕ್ಕೆಯ ಕಾರಣಕ್ಕೆ ಅವನು ಬೇಡವೆಂದಿದ್ದ ಹುಡುಗಿ ಅವಳೇ.

ಇಂದು ಅವನ ದವಡೆಯಲ್ಲೇ ಅಕ್ಕಿಕಾಳಿನಷ್ಟು ಬಿಳುಪಿತ್ತು.

“ಹೆದರಬ್ಯಾಡ್ರಿ, ಇಪ್ಪತ್ತು ಮಂದ್ಯಾಗ ಒಬ್ಬರಿಗೆ ಇರ್ತೈತಿ. ಅದರಿಂದ ಏನೂ ತ್ರಾಸಿಲ್ಲ,” ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು: “ಕನ್ಯಾ ನೋಡಾಕ ಬಂದಾಗ ತಂದಿದ್ದ ಫಿಲ್ಮಿನ್ಯಾಗ ಇದು ಇರಲಿಲ್ಲಲ್ರಿ?”

ಅಂದು ತಂದಿದ್ದು ತನ್ನ ತಮ್ಮನ ಫಿಲ್ಮೆಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. “ಈಗೀಗ ಬಂದಿರಬೇಕ್ರಿ,” ಎಂದ.

ಸಾಲಿನಲ್ಲಿ ಕೂತವರಿಗೆ ಕಾಣದಂತೆ ಅವಳು ಫಿಲ್ಮನ್ನು ಕವರಿಗೆ ಹಾಕಿ ಕೊಟ್ಟಳು. ಅಂದು ಅವಳ ಫಿಲ್ಮನ್ನು ಅವನು ಮನೆತುಂಬ ನೆರೆದವರೆದುರು ಕಿಟಕಿಯ ಬೆಳಕಿಗೆ ಹಿಡಿದಿದ್ದ.