ಸರಪಳಿ ಹಿಡಿದ ಕೈ

ವಿನಿಮಯ ವ್ಯಾಸಂಗಕ್ಕೆಂದು ಪರದೇಶಕ್ಕೆ ಹೊರಟಾಗ, ಬೆಟ್ಟ ಹತ್ತುವ ಸಾಹಸಕ್ಕೆ ಹೋಗುವುದಿಲ್ಲವೆಂದು ಇಳಾ ಅಪ್ಪನಿಗೆ ಮಾತು ಕೊಟ್ಟಿದ್ದಳು. ಈಗ ಕಡಿದಾದ ಬಂಡೆಯ ನಡುವೆ, ಪಾದದಗಲದ ಹಾದಿಯಲ್ಲಿ, ಕಲ್ಲಿಗೆ ಬಿಗಿದ ಸರಪಳಿಯನ್ನು ಅವುಚಿಕೊಂಡು ನಿಂತಿದ್ದಾಳೆ. ಮುಂದಿಡಲು ಕಾಲು ಏಳದು. ಹಿಂದಿರುಗೋಣವೆಂದರೆ ಬೆನ್ನಿಗೇ ಸಹಪಾಠಿಗಳ ಸಾಲು. ಕೆಳಗೆ ಮಂಜು ತುಂಬಿದ ಪಾತಾಳ.

ಕಿವಿಯ ಇಯರ್‌ಫೋನಿನಲ್ಲಿ ಕರೆ ಮೊಳಗಿತು. ಎತ್ತದಿದ್ದರೆ ಅಪ್ಪ ಗಾಬರಿಯಾಗುತ್ತಾರೆ. ಒಂದು ಕೈ ಬಿಡಿಸಿಕೊಂಡು ಒತ್ತಿದಳು.

“ಎಲ್ಲಿದ್ದೀಯಮ್ಮಾ?”

“ಲೈಬ್ರರೀಲಿ, ಅಪ್ಪಾ.”

“ಅದೇನು ಅಷ್ಟು ಗಾಳಿ ಸದ್ದು?”

“ಫ್ಯಾನು.”

“ಏದುಸಿರು ಬಿಡ್ತಿದ್ದೀಯಲ್ಲ?”

“ಮೆಟ್ಟಿಲು ಹತ್ತಿ ಬಂದೆ.”

ಅಪ್ಪ ಮೆಲ್ಲಗೆ ಅಂದರು:

“ಸರಿ, ಓದ್ಕೋ. ಕೆಳಗೆ ಮಾತ್ರ ನೋಡ್ಬೇಡ, ಮಗಳೇ.”