ಹವಳದ ಕೆಂಪು

ಸುಗಂಧಿಯ ಕಯಾಕಿನ ಕೆಳಗೆ ಹವಳದ ದಿಬ್ಬ ಮತ್ತೆ ಕೆಂಪಾಯಿತು. ಹಿಂದೆ ಬರುತ್ತಿದ್ದ ಪ್ರವಾಸಿಗರ ಕೆಳಗೆಲ್ಲ ತಣ್ಣನೆಯ ನೀಲಿ. ಆ ಬೆಳಕಿಗೆ ಮೀನುಗಳು ಗುಂಪುಗಟ್ಟಿ ಬಂದಿದ್ದವು. ಮೇಲಿರುವವರ ಮನಸ್ಸಿನ ಬಣ್ಣವನ್ನು, ನೆಮ್ಮದಿಗೆ ನೀಲಿ, ಕಳವಳಕ್ಕೆ ಕೆಂಪು ಎಂದು, ಹವಳ ತೋರಿಸತೊಡಗಿದ ಮೇಲೆ, ಪ್ರವಾಸಿಗರನ್ನು ಕರೆತರುವವರು ಸಮಾಧಾನಕ್ಕೆಂದು ಬಾಯಲ್ಲಿ ಬೆಲ್ಲದ ಚೂರಿಟ್ಟುಕೊಂಡೇ ನೀರಿಗಿಳಿಯುತ್ತಿದ್ದರು. ಇವತ್ತು ಬೆಲ್ಲ ಕರಗಿತೇ ಹೊರತು ಕೆಂಪು ಕರಗಲಿಲ್ಲ.

"ನಿನ್ನ ಕೆಳಗೊಂದೇ ಯಾಕವ್ವಾ ಹಿಂಗೆ? ಮೀನೆಲ್ಲ ಹೆದರಿ ಓಡ್ತಾವಲ್ಲ!" ಎಂದರು ದಾವಣಗೆರೆಯ ಚನ್ನಬಸಮ್ಮ.

"ಎಂತ ಇಲ್ಲ ಅಮ್ಮ, ನೀವ್ ಮೀನ್ ಕಾಣಿ."

ನಸುಕಿನಲ್ಲಿ ಅವಳ ಗಂಡ ಭೋಜ ಒಬ್ಬನೇ ದೋಣಿಯಲ್ಲಿ ಮೀನಿಗೆ ಹೋಗಿದ್ದ. ಕಡಲಿಗೆ ಹೊರಟವರನ್ನು ಎಲ್ಲಿಗೆಂದು ಕೇಳುವುದು ಅಪಶಕುನ, ಅವಳು ಕೇಳಿರಲಿಲ್ಲ. ಹೊತ್ತು ಇಳಿದರೂ ಅವನು ಬರಲಿಲ್ಲ. ಹುಡುಕಲು ಹೊರಟವರು ಮೊದಲು ಕೇಳಿದ್ದೇ ಅದನ್ನು: "ಯಾವ ಬದಿಗೆ ಹೋದ?" ಅವಳಿಗೆ ಗೊತ್ತಿರಲಿಲ್ಲ. ದಡದಲ್ಲಿ ಕೂರಲಾಗದೆ, ಕಡಲ ಮೇಲಾದರೂ ಇರೋಣವೆಂದು ಕೆಲಸಕ್ಕೆ ಬಂದಿದ್ದಳು.

ಕತ್ತಲಿಳಿಯಿತು. ಹಿಂದಿರುಗಲು ಹುಟ್ಟು ಎತ್ತಿದವಳ ಕೈ ಹಾಗೇ ನಿಂತಿತು. ದೂರದ ಬಂಡೆಯ ಪಕ್ಕದಲ್ಲಿ, ಯಾವ ದೋಣಿಯೂ ಇಲ್ಲದ ಕಡೆ, ನೀರಿನಡಿ ಒಂದು ಕೆಂಪು ಆರುತ್ತಾ ಹೊತ್ತುತ್ತಾ ಇತ್ತು.

ಕಯಾಕು ಗಿರ್ರನೆ ತಿರುಗಿತು.

"ನಮ್ಮನ್ನ ಬಿಟ್ಟು ಎಲ್ಲಿಗೆ ಹೊಂಟ್ಯವ್ವಾ?" ಚನ್ನಬಸಮ್ಮ ಕೂಗಿದರು.

ಬೇರೆ ದಿನವಾಗಿದ್ದರೆ, ಎಲ್ಲಿಗೆಂದು ಕೇಳಿದ್ದಕ್ಕೇ ಸುಗಂಧಿ ಸಿಡುಕುತ್ತಿದ್ದಳು. ಈಗ ಹುಟ್ಟನ್ನೇ ಚಾಚಿ ತೋರಿಸಿದಳು.

"ಅಲ್ಲಿಗೆ! ಆ ಬಂಡೆ ಹತ್ರಕ್ಕೆ! ಯಾರ್ ಕೇಂಡ್ರೂ ಹೇಳಿ, ಅಮ್ಮ!"