ಊರಿಗೆಲ್ಲ ಕಾಣುವ ಅಕ್ಷರ

ಶಾಯಿಗೆ ಸೀಮೆಎಣ್ಣೆ ಬೆರೆತ ವಾಸನೆ ಬಂದರೆ ನನಗೆ ಈಗಲೂ ಬಾಲ್ಯದಲ್ಲಿ ಕಂಡ ಅಪ್ಪನ ಮುದ್ರಣಾಲಯ ನೆನಪಾಗುತ್ತದೆ. ನಮ್ಮೂರಿನ ಜಬ್ಬಾರರ ಪ್ರೆಸ್ಸಿನಲ್ಲಿ ಆ ವಾಸನೆ ಇನ್ನೂ ಇದೆ. ಸೊಸೈಟಿ ಚುನಾವಣೆಗೆ ನಿಂತಿದ್ದ ನಮ್ಮ ಯಜಮಾನರು ಅಲ್ಲಿ ಒಂದು ಅಕ್ಷರದ ಮಾದರಿ ಆರಿಸಿದರು. ಅದರ ಮೈ ಕಂಬದಷ್ಟು ದಪ್ಪ, ತಿರುವುಗಳು ಕೂದಲಷ್ಟು ತೆಳು, ತುದಿಗಳಿಗೆಲ್ಲ ಪುಟ್ಟ ಪಾದ.

“ಮತ ಕೊಡಿ ಅಂತೆಲ್ಲ ಬೇಡ. ಫೋಟೊ, ಕೆಳಗೆ ಇದರಲ್ಲಿ ಹೆಸರು, ಅಷ್ಟೇ.”

“ಸಾರ್, ನಮ್ಮೂರಲ್ಲಿ ಈ ಅಕ್ಷರಾನ ಬೇರೆ ಕೆಲ್ಸಕ್ಕೆ ಹಾಕೋದು...” ಜಬ್ಬಾರರು ತಡವರಿಸಿದರು.

“ಹೋದ್ಸಲ ನಾನು ನಿಂತಿದ್ದೇ ಯಾರಿಗೂ ಗೊತ್ತಾಗ್ದೆ ಸೋತೆ ಕಣಯ್ಯಾ. ಇದನ್ನ ಜನ ನಿಂತು ಓದ್ತಾರೋ ಇಲ್ವೋ, ಅದು ಹೇಳು.”

“ನಿಂತು, ಕೈ ಮುಗಿದೇ ಓದ್ತಾರೆ, ಸಾರ್.”

“ಮತ್ತಿನ್ನೇನು! ಹಾಕು!”

ಮರುದಿನ ಬೆಳಿಗ್ಗೆ ಊರಿನ ಗೋಡೆಗಳ ಮೇಲೆಲ್ಲ ಅವರೇ. ಪ್ರಚಾರಕ್ಕೆ ಹೊರಡಲು ಅವರು ಬಚ್ಚಲಲ್ಲಿ ಹಾಡುತ್ತ ಸ್ನಾನ ಮಾಡುತ್ತಿದ್ದರು. ಯಾರೋ ಮೆಲ್ಲಗೆ ಬಾಗಿಲು ತಟ್ಟಿದರು. ತೆರೆದರೆ, ಚುನಾವಣೆಯ ಎದುರಾಳಿ ತಿಪ್ಪೇರುದ್ರಪ್ಪನವರು.

“ಸೂತಕದ ಮನೇಲಿ ಒಲೆ ಹಚ್ಚಬಾರ್ದು, ತಾಯಿ,” ಎಂದು ಪಿಸುಗುಟ್ಟಿ, ತಲೆ ತಗ್ಗಿಸಿಯೇ ಬಿಸಿ ಊಟದ ಕ್ಯಾರಿಯರನ್ನು ನನ್ನ ಕೈಗಿತ್ತರು.